ಮತ ಎಣಿಸುವ ಮುನ್ನ: ವಿದ್ಯಾರ್ಥಿ ವಿಶ್ವಸಂಸ್ಥೆಯ ಠರಾವಿನ ಚರಿತ್ರೆ

ಮಾದರಿ ವಿಶ್ವಸಂಸ್ಥೆ, ವಿದ್ಯಾರ್ಥಿಗಳ ಬಾಯಲ್ಲಿ ಎಂಯುಎನ್, ಇಂದು ನಮ್ಮ ಬೆಂಗಳೂರಿನ ಶಾಲಾ ಕಾಲೇಜುಗಳಿಗೂ ಪರಿಚಿತವಾದ ಚಟುವಟಿಕೆ. ಒಬ್ಬೊಬ್ಬರು ಒಂದೊಂದು ದೇಶದ ಪ್ರತಿನಿಧಿಯಾಗಿ ಕೂತು ಎರಡು ಮೂರು ದಿನ ವಾದಿಸುತ್ತಾರೆ, ಕೊನೆಗೆ ಒಂದು ಠರಾವು ಬರೆದು ಮತಕ್ಕೆ ಹಾಕುತ್ತಾರೆ. ಆ ಠರಾವಿನ ರೂಪವನ್ನು ಮಕ್ಕಳು ಬಲು ಶ್ರದ್ಧೆಯಿಂದ ಕಲಿಯುತ್ತಾರೆ. ಎಷ್ಟೇ ಪುಟವಿದ್ದರೂ ಠರಾವು ಒಂದೇ ವಾಕ್ಯ. ಮೊದಲು ಹಳೆಯ ಒಪ್ಪಂದಗಳನ್ನು ನೆನೆಯುವ, ಕಳವಳವನ್ನು ದಾಖಲಿಸುವ ಪೀಠಿಕೆಯ ಕಲಂಗಳು. ಅವುಗಳ ಕೊನೆಯಲ್ಲಿ ಅಲ್ಪವಿರಾಮ. ಆಮೇಲೆ ಏನು ಮಾಡಬೇಕೆಂದು ಹೇಳುವ, ಅಂಕಿ ಹಾಕಿದ ಕಲಂಗಳು, ಅವುಗಳಿಗೆ ಅರ್ಧವಿರಾಮ. ಪೂರ್ಣವಿರಾಮ ಬೀಳುವುದು ಕಟ್ಟಕಡೆಗೆ ಒಮ್ಮೆ ಮಾತ್ರ. ಈ ವ್ಯಾಕರಣದಲ್ಲಿ ತಪ್ಪಿದರೆ ಅಧ್ಯಕ್ಷರ ಮೇಜಿನಿಂದ ಕರಡು ವಾಪಸು ಬರುತ್ತದೆ. ಆದರೆ ಈ ರೂಪವನ್ನು ಇಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದ ಸಂಪ್ರದಾಯ, ರೂಪ ಯಾವ ಕೆಲಸಕ್ಕಾಗಿ ಬೇಕಾಗಿತ್ತೋ ಅದನ್ನು ಬಹುಮಟ್ಟಿಗೆ ಕೈಬಿಟ್ಟಿದೆ ಎಂಬುದು ನನ್ನ ವಾದ. ಒಪ್ಪದವರನ್ನು ಒಪ್ಪಿಸಲು ಇದ್ದ ಬರಹ ಈಗ ಎದುರು ಗುಂಪನ್ನು ಸೋಲಿಸುವ ಬರಹವಾಗಿದೆ.

ವಿದ್ಯಾರ್ಥಿಗಳ ಈ ಸಭೆ ವಿಶ್ವಸಂಸ್ಥೆಗಿಂತ ಹಳೆಯದು. 1920ರ ದಶಕದಲ್ಲೇ ಅಮೆರಿಕದ ಕಾಲೇಜುಗಳಲ್ಲಿ ಮಾದರಿ ರಾಷ್ಟ್ರಸಂಘದ ಅಧಿವೇಶನಗಳು ನಡೆಯತೊಡಗಿದವು. ವಿಶ್ವಸಂಸ್ಥೆಗೆ ಮುಂಚೆ ಇದ್ದ ಈ ರಾಷ್ಟ್ರಸಂಘಕ್ಕೆ ಅಮೆರಿಕ ಸೇರಿರಲೇ ಇಲ್ಲ. ಸಂಘವನ್ನು ಹುಟ್ಟುಹಾಕಿದ ವರ್ಸೇಲ್ಸ್ ಒಪ್ಪಂದವನ್ನು ಅಮೆರಿಕದ ಸೆನೆಟ್ 1919ರಲ್ಲೂ 1920ರಲ್ಲೂ ತಳ್ಳಿಹಾಕಿತ್ತು. ತಮ್ಮ ಸರ್ಕಾರ ಕಾಲಿಡದ ಸಭೆಯಲ್ಲಿ ಆ ದೇಶದ ವಿದ್ಯಾರ್ಥಿಗಳು ಬೇರೆ ದೇಶಗಳ ಪರವಾಗಿ ಕೂತರು ಎಂಬುದನ್ನು ನೆನೆದಾಗಲೆಲ್ಲ ನನಗೆ ಅವರ ಮೇಲೆ ಗೌರವ ಹುಟ್ಟುತ್ತದೆ. ಅವರು ಅನುಕರಿಸುತ್ತಿದ್ದ ಸಂಸ್ಥೆಯ ಕಟ್ಟಳೆ ಬಹಳ ಬಿಗಿಯಾದದ್ದು. ರಾಷ್ಟ್ರಸಂಘದ ಒಡಂಬಡಿಕೆಯ 5ನೇ ವಿಧಿಯ ಪ್ರಕಾರ, ಕೆಲವು ವಿಷಯಗಳ ಹೊರತು ಯಾವ ನಿರ್ಣಯಕ್ಕೂ ಸಭೆಯಲ್ಲಿ ಹಾಜರಿದ್ದ ಎಲ್ಲ ಸದಸ್ಯ ದೇಶಗಳ ಒಪ್ಪಿಗೆ ಬೇಕಿತ್ತು. ಎಲ್ಲರೂ ಒಪ್ಪಬೇಕಾದಲ್ಲಿ ಕರಡು ಬರೆಯುವವನು ತನ್ನ ಮನಸ್ಸಿನದನ್ನಷ್ಟೇ ಬರೆದರೆ ಸಾಲದು. ಎದುರಿಗೆ ಕೂತವನು ಎಲ್ಲಿಯವರೆಗೆ ಬರಬಲ್ಲ ಎಂದು ಅಳೆದು ಬರೆಯಬೇಕು. ಠರಾವಿನ ರೂಪ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಆ ಉದ್ದ ವಾಕ್ಯದ ಕರ್ತೃ ಇಡೀ ಸಭೆ. ಬರೆದವರ ಹೆಸರಿಗೆ ಅದರಲ್ಲಿ ಜಾಗವಿಲ್ಲ. ಕಾರ್ಯದ ಕಲಂಗಳಲ್ಲಿ ಒಂದು ದೇಶದ ಬೇಡಿಕೆಗೆ ಎಡೆ ಸಿಗದಿದ್ದರೆ ಅದರ ಕಳವಳವನ್ನಾದರೂ ಪೀಠಿಕೆಯಲ್ಲಿ ದಾಖಲಿಸಬಹುದು. ಬರಿಗೈಯಲ್ಲಿ ಹೋಗಬೇಕಾದವನಿಗೂ ಅಷ್ಟರಿಂದ ಸಹಿ ಹಾಕುವ ಧೈರ್ಯ ಬರುತ್ತದೆ. ವಿದ್ಯಾರ್ಥಿಗಳು ಅಲಂಕಾರವೆಂದು ಬಗೆಯುವ ಪೀಠಿಕೆ ನಿಜವಾದ ರಾಜತಂತ್ರದಲ್ಲಿ ಕೊಡುಕೊಳ್ಳುವಿಕೆಯ ಅಂಗಳ.

1945ರ ನಂತರ ಕಟ್ಟಳೆ ಬದಲಾಯಿತು. ವಿಶ್ವಸಂಸ್ಥೆಯ ಸನದಿನ 18ನೇ ವಿಧಿ ಸಾಮಾನ್ಯ ಸಭೆಗೆ ಬಹುಮತದ ದಾರಿ ತೆರೆಯಿತು: ಮಹತ್ವದ ವಿಷಯಗಳಿಗೆ ಮೂರರಲ್ಲಿ ಎರಡು ಪಾಲು, ಉಳಿದವಕ್ಕೆ ಸರಳ ಬಹುಮತ. ಮಾದರಿ ರಾಷ್ಟ್ರಸಂಘಗಳು ಮಾದರಿ ವಿಶ್ವಸಂಸ್ಥೆಗಳಾದವು. 1952ರಲ್ಲಿ ಬರ್ಕ್ಲಿಯಲ್ಲಿ ಶುರುವಾದ ಸಮ್ಮೇಳನ ಇಂದಿಗೂ ನಡೆಯುತ್ತಿದೆ. ಅಮೆರಿಕದ ಕಾಲೇಜುಗಳಿಗೆ ಮತದಾನದ ಕ್ರಮ ಹೊಸದೇನಾಗಿರಲಿಲ್ಲ. ಸೇನಾಧಿಕಾರಿ ಹೆನ್ರಿ ರಾಬರ್ಟ್ 1876ರಲ್ಲಿ ಬರೆದ ಸಭಾ ನಿಯಮಗಳ ಕೈಪಿಡಿ ಅಲ್ಲಿನ ಸಂಘಸಂಸ್ಥೆಗಳಲ್ಲೆಲ್ಲ ಬಳಕೆಯಲ್ಲಿತ್ತು. ಅದರ ಧಾಟಿಯ ಸೂಚನೆಗಳು, ಆಕ್ಷೇಪಗಳು, ಮತಗಳು ವಿದ್ಯಾರ್ಥಿ ಸಭೆಗಳನ್ನು ತುಂಬಿಕೊಂಡವು. ಠರಾವಿಗೆ ಇಷ್ಟು ಸೂಚಕರು, ಇಷ್ಟು ಸಹಿದಾರರು ಬೇಕೆಂಬ ಲೆಕ್ಕ ಬಂತು. ಸೂಚಕರೆಲ್ಲ ಒಪ್ಪಿದ ತಿದ್ದುಪಡಿ ಸ್ನೇಹಪರ, ಒಪ್ಪದ್ದು ಸ್ನೇಹಪರವಲ್ಲದ್ದು ಎಂಬ ವಿಂಗಡಣೆ ಬಂತು. ವಿಶ್ವಸಂಸ್ಥೆಯ ನಡಾವಳಿ ನಿಯಮಗಳಲ್ಲಿ ಇಂಥ ವಿಂಗಡಣೆಯೇ ಇಲ್ಲ. ಬಹುಮಾನಗಳೂ ಸೇರಿಕೊಂಡ ಮೇಲೆ ಸೂಚಕರ ಪಟ್ಟಿಯಲ್ಲಿ ಹೆಸರು ಮೊದಲಿರಬೇಕೆಂಬ ಹಟ ಬೆಳೆಯದೆ ಇದ್ದೀತೇ? 1968ರಲ್ಲಿ ಹೇಗ್‌ನಲ್ಲಿ ಆರಂಭವಾದ ಶಾಲಾ ಸಮ್ಮೇಳನ ಸ್ವಲ್ಪ ಬೇರೆ ಹಾದಿ ಹಿಡಿಯಿತು. ಅಲ್ಲಿ ಮಕ್ಕಳು ಮನೆಯಿಂದಲೇ ಕರಡು ಬರೆದು ತಂದು, ಮೊದಲ ಹಂತದಲ್ಲಿ ಒಬ್ಬರದನ್ನು ಇನ್ನೊಬ್ಬರದರೊಡನೆ ಬೆಸೆಯುತ್ತಾರೆ. ಕರಡನ್ನು ಮುಂಚೆಯೇ ಬರೆದು ತರುವುದನ್ನು ಅಪರಾಧವೆಂಬಂತೆ ಕಾಣುವ ಸಮ್ಮೇಳನಗಳು ಬಹಳ ಇವೆ. ಆದರೆ ನಿಜವಾದ ನಿಯೋಗಗಳು ಕರಡಿಲ್ಲದೆ ಸಭೆಗೆ ಹೋಗುವುದು ಅಪರೂಪ. ಈ ಒಂದು ವಿಷಯದಲ್ಲಿ ಹೇಗ್‌ನ ಪದ್ಧತಿಯೇ ಸರಿ.

ವಿದ್ಯಾರ್ಥಿಗಳು ಮತದಾನವನ್ನು ಗಟ್ಟಿಯಾಗಿ ಹಿಡಿದ ಕಾಲದಲ್ಲೇ ವಿಶ್ವಸಂಸ್ಥೆ ಅದರಿಂದ ದೂರ ಸರಿಯುತ್ತಿತ್ತು. ಕಾಂಗೋದ ಶಾಂತಿಪಾಲನೆಯ ಖರ್ಚಿನಲ್ಲಿ ತಮ್ಮ ಪಾಲು ಕೊಡಲು ಸೋವಿಯತ್ ಒಕ್ಕೂಟ ಮತ್ತು ಫ್ರಾನ್ಸ್ ನಿರಾಕರಿಸಿದ್ದವು. ಎರಡು ವರ್ಷದ ಪಾಲಿನಷ್ಟು ಬಾಕಿ ಉಳಿಸಿಕೊಂಡ ದೇಶ ಮತದ ಹಕ್ಕು ಕಳೆದುಕೊಳ್ಳುತ್ತದೆ ಎನ್ನುವ ಸನದಿನ 19ನೇ ವಿಧಿಯನ್ನು ಅಮೆರಿಕ ಮುಂದೊಡ್ಡಿತು. ಒಂದು ಮತದಾನ ನಡೆದರೂ ಸಂಸ್ಥೆಯೇ ಒಡೆಯುವ ಭಯ. ಹಾಗಾಗಿ 1964ರಲ್ಲಿ ಆರಂಭವಾದ 19ನೇ ಅಧಿವೇಶನ, ಘಾನಾದ ಅಲೆಕ್ಸ್ ಕ್ವೈಸನ್-ಸಾಕಿ ಅವರ ಅಧ್ಯಕ್ಷತೆಯಲ್ಲಿ, ತನ್ನ ಕೆಲಸವನ್ನು ಬಹುತೇಕ ಮತವಿಲ್ಲದೆಯೇ ಮುಗಿಸಿತು. ಬಿಕ್ಕಟ್ಟಿನಲ್ಲಿ ಹಿಡಿದ ದಾರಿ ಆಮೇಲೆ ರೂಢಿಯಾಯಿತು. 1945ರಲ್ಲಿ 51 ಇದ್ದ ಸದಸ್ಯ ದೇಶಗಳು ಇಂದು 193. ಕೈ ಎತ್ತಿಸಿ ಗೆಲ್ಲುವುದು ಸುಲಭವಾದಷ್ಟೂ ಗೆದ್ದ ಠರಾವನ್ನು ಜಾರಿಗೆ ತರುವುದು ಕಷ್ಟವಾಯಿತು, ಏಕೆಂದರೆ ಹಣವೂ ಬಲವೂ ಉಳ್ಳವರು ಸೋತ ಸಾಲಿನಲ್ಲಿ ಕೂತಿರುತ್ತಿದ್ದರು. ಈಗ ಸಾಮಾನ್ಯ ಸಭೆಯ ಹೆಚ್ಚಿನ ಠರಾವುಗಳು ಒಮ್ಮತದಿಂದ, ಮತವಿಲ್ಲದೆ ಅಂಗೀಕಾರವಾಗುತ್ತವೆ. ವಿಶ್ವಸಂಸ್ಥೆಯೇ 2009ರಿಂದ 2011ರವರೆಗೆ ಜಿನೀವಾ, ಕೌಲಾಲಂಪುರ, ಇಂಚಿಯಾನ್‌ಗಳಲ್ಲಿ ವಿದ್ಯಾರ್ಥಿ ಸಮ್ಮೇಳನ ನಡೆಸಿ, ತನ್ನ ನಿಜವಾದ ನಡಾವಳಿಗೆ ಹತ್ತಿರವಾದ ನಿಯಮಗಳನ್ನು ತೋರಿಸಿಕೊಟ್ಟಿತು. ಆದರೂ ಅನೇಕ ಸಮ್ಮೇಳನಗಳು ಹಳೆಯ ಪದ್ಧತಿಯಲ್ಲೇ ನಡೆಯುತ್ತಿವೆ.

ಮಕ್ಕಳ ಸಭೆಯೂ ಒಮ್ಮತದತ್ತ ಹೊರಳಬೇಕೆಂಬ ಮಾತಿಗೆ ಗಟ್ಟಿಯಾದ ಆಕ್ಷೇಪವಿದೆ. ಒಮ್ಮತವೆಂದರೆ ಸಪ್ಪೆ ಮಾತು, ಎಲ್ಲರೂ ಒಪ್ಪುವ ಠರಾವು ಯಾರನ್ನೂ ಮುಟ್ಟುವುದಿಲ್ಲ. ಇತಿಹಾಸದ ದೊಡ್ಡ ಠರಾವುಗಳು ಮತದಿಂದಲೇ ಬಂದವು ಎನ್ನುತ್ತಾರೆ. ವಸಾಹತುಗಳಿಗೆ ಸ್ವಾತಂತ್ರ್ಯ ಸಾರಿದ 1960ರ ಘೋಷಣೆ ಮತದಿಂದ ಬಂದದ್ದು ನಿಜ: ಪರ 89, ತಟಸ್ಥ 9. ಮಾನವ ಹಕ್ಕುಗಳ ಘೋಷಣೆಯೂ 1948ರ ಡಿಸೆಂಬರ್ 10ರಂದು ಮತದಿಂದಲೇ ಬಂತು: ಪರ 48, ತಟಸ್ಥ 8. ಆದರೆ ಎರಡರಲ್ಲೂ ವಿರುದ್ಧ ಬಿದ್ದ ಮತ ಸೊನ್ನೆ. ಮಾನವ ಹಕ್ಕುಗಳ ಕರಡಿನ ಮೇಲೆ ಸಾಮಾನ್ಯ ಸಭೆಯ ಮೂರನೇ ಸಮಿತಿಯೊಂದೇ 81 ಬಾರಿ ಸಭೆ ಸೇರಿತ್ತು. ಆ ದುಡಿಮೆಯ ಕೊನೆಗೆ ಬಂದ ಮತದಾನ ಲೆಕ್ಕ ಬರೆದಿಡುವ ಕ್ರಿಯೆಯಷ್ಟೇ ಆಗಿತ್ತು. ಸಮುದ್ರ ಕಾನೂನಿನ ಸಮ್ಮೇಳನವಂತೂ 1973ರಿಂದ ಒಮ್ಮತಕ್ಕಾಗಿ ಹೆಣಗಿ, 1982ರಲ್ಲಿ ಅಮೆರಿಕದ ಒತ್ತಾಯಕ್ಕೆ ಮತ ಹಾಕಿತು: ಪರ 130, ವಿರುದ್ಧ 4, ತಟಸ್ಥ 17. ಒಮ್ಮತ ಕೊನೆಗೆ ಕೂಡಿಬರಲಿಲ್ಲ, ಆದರೆ ಆ ಒಪ್ಪಂದ ಇಂದಿಗೂ ನಿಂತಿರುವುದು ಒಮ್ಮತಕ್ಕಾಗಿ ಹೆಣಗಿದ ಒಂಬತ್ತು ವರ್ಷಗಳ ಬಲದಿಂದ. ಎರಡು ದಿನದಲ್ಲಿ ಮಕ್ಕಳಿಂದ ಇದು ಸಾಧ್ಯವೇ ಎಂದು ಕೇಳಬಹುದು. ಪೂರ್ತಿ ಸಾಧ್ಯವಿಲ್ಲ. ಒಮ್ಮತ ಮುರಿದುಬಿದ್ದರೂ, ಎಲ್ಲಿ ಮತ್ತು ಏಕೆ ಮುರಿಯಿತೆಂದು ಅವರು ಕಂಡುಕೊಂಡರೆ ಅದೇ ದೊಡ್ಡ ಕಲಿಕೆ.

ಮಕ್ಕಳ ಸಭೆಯಲ್ಲಿ ಇಲ್ಲದ ಇನ್ನೊಂದು ಸಂಗತಿಯನ್ನು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರ ಬದುಕು ತೋರಿಸುತ್ತದೆ. ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಅವರು 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದರು. ದಕ್ಷಿಣ ಕೊರಿಯಕ್ಕೆ ನೆರವು ನೀಡಬೇಕೆನ್ನುವ ಠರಾವು ಜೂನ್ 27ರಂದು ಮತಕ್ಕೆ ಬಂದಾಗ ದೆಹಲಿಯ ಸೂಚನೆ ಇನ್ನೂ ಕೈಸೇರಿರಲಿಲ್ಲ. ಕರಡುಗಳ ಒಕ್ಕಣೆಯಲ್ಲಿ ಅವರನ್ನು ಮೀರಿಸುವವರು ವಿರಳ. ಆದರೂ ಸೂಚನೆಯಿಲ್ಲದೆ ಅವರು ಭಾರತದ ಮತ ಚಲಾಯಿಸಲಿಲ್ಲ. ಈಜಿಪ್ಟ್ ಪ್ರತಿನಿಧಿಯೂ ಮತ ಹಾಕಲಿಲ್ಲ. ಏಳು ಮತಗಳಿಂದ ಠರಾವು ಅಂಗೀಕಾರವಾಯಿತು; ಭಾರತ ಎರಡು ದಿನಗಳ ಬಳಿಕ ಒಪ್ಪಿಗೆ ಸೂಚಿಸಿತು. ಕರಡನ್ನು ಸಾಮಾನ್ಯವಾಗಿ ಹಿಂದಿನ ದಿನವೇ ಎಲ್ಲ ನಿಯೋಗಗಳಿಗೂ ಹಂಚಿರಬೇಕು ಎನ್ನುವ ಸಾಮಾನ್ಯ ಸಭೆಯ 78ನೇ ನಿಯಮದ ಬೆಲೆ ಇಲ್ಲಿ ಗೊತ್ತಾಗುತ್ತದೆ: ಓದಿ, ತಮ್ಮ ಸರ್ಕಾರವನ್ನು ಕೇಳಿ ಬರಲು ಅದು ಬಿಡುವು ಕೊಡುತ್ತದೆ. ಸಮ್ಮೇಳನ ನಡೆಸುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಮೂರೇ. ಪ್ರತಿ ನಿಯೋಗಕ್ಕೂ, ಬಿಟ್ಟುಕೊಡಬಹುದಾದದ್ದು ಯಾವುದು, ಬಿಡಬಾರದ್ದು ಯಾವುದು ಎಂದು ತಿಳಿಸುವ ಒಂದು ಪುಟದ ಸೂಚನೆಯನ್ನು ಸರ್ಕಾರದ ಪರವಾಗಿ ಕೊಡಿ. ಕರಡನ್ನು ಹಂಚಿದ ಮಾರನೆಯ ದಿನವೇ ಮತಕ್ಕೆ ಹಾಕಿ. ಠರಾವು ಬರೆದವರಿಗೆ ಬಹುಮಾನ ಕೊಡುವುದನ್ನು ಮಾತ್ರ ಈ ವರ್ಷದಿಂದಲೇ ನಿಲ್ಲಿಸಿ.