ಎಲ್ಲಿ ಕೂತು ಕೇಳಿದರು: ಕರ್ನಾಟಕದಲ್ಲಿ ಊರವರ ಮಾತು ಬರಹವಾದ ಚರಿತ್ರೆ

ಹಳ್ಳಿಗೆ ಹೋಗಿ ನೋಟ್‌ಬುಕ್ಕು ಬಿಚ್ಚಿ ಕೂತವರನ್ನು ಊರವರೇ ಮೊದಲು ವಿಚಾರಿಸಿಕೊಳ್ಳುತ್ತಾರೆ. ಯಾವೂರು, ಯಾರ ಪೈಕಿ, ಇದನ್ನೆಲ್ಲ ಬರ್ಕೊಂಡೋಗಿ ಏನ್ ಮಾಡ್ತೀರಿ? ಈ ವಿಚಾರಣೆ ಮುಗಿದ ಮೇಲೆಯೇ ಅವರ ಬಾಯಿಂದ ಏನಾದರೂ ಹೊರಡುವುದು. ಮೌಖಿಕ ಇತಿಹಾಸದ ಪಠ್ಯಗಳು ಪ್ರಶ್ನೆಪಟ್ಟಿಯ ಬಗ್ಗೆ, ಧ್ವನಿಮುದ್ರಣದ ಬಗ್ಗೆ ಬೇಕಾದಷ್ಟು ಹೇಳುತ್ತವೆ. ಕೇಳುವವರು ಊರಿನ ಯಾವ ಜಾಗದಲ್ಲಿ, ಯಾರ ಪಕ್ಕದಲ್ಲಿ ಕೂತಿದ್ದರು ಎನ್ನುವುದನ್ನು ಅಷ್ಟಾಗಿ ವಿಚಾರಿಸುವುದಿಲ್ಲ. ಕಳೆದ ಇನ್ನೂರಿಪ್ಪತ್ತು ವರ್ಷಗಳಲ್ಲಿ ಕನ್ನಡ ನಾಡಿನ ಊರವರಿಂದ ಕೇಳಿ ಬರೆದದ್ದನ್ನು ಓದುತ್ತ ಹೋದರೆ, ಉತ್ತರದ ಹದವನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಈ ಕೂತ ಜಾಗವೇ ಎಂದು ನನಗೆ ತೋರಿದೆ. ಡೇರೆ, ಚಾವಡಿ, ಗೌಡರ ಮನೆ, ಕೇರಿಯ ಜಗಲಿ: ಒಂದೊಂದು ಜಾಗದಲ್ಲಿ ಒಂದೊಂದು ಬಗೆಯ ಊರು ದಾಖಲಾಗಿದೆ.

ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ವರ್ಷ ತುಂಬುವ ಮೊದಲೇ ಗವರ್ನರ್ ಜನರಲ್ ವೆಲ್ಲೆಸ್ಲಿ, ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್‌ಗೆ ಹೊಸದಾಗಿ ಕೈಸೇರಿದ ಸೀಮೆಯನ್ನು ಸುತ್ತಿ ವರದಿ ಕೊಡಲು ಆಜ್ಞಾಪಿಸಿದ. ಬುಕಾನನ್ 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟು, ಬೆಂಗಳೂರು, ಶ್ರೀರಂಗಪಟ್ಟಣ, ಶಿರಾ, ಮಧುಗಿರಿಗಳನ್ನು ಹಾದು, ಕೊಯಮತ್ತೂರು ಮಲಬಾರುಗಳನ್ನು ಬಳಸಿ, ಕರಾವಳಿಗುಂಟ ಮೇಲೇರಿ, ಘಟ್ಟ ಹತ್ತಿ ಸೋಂದೆ, ಬನವಾಸಿ, ಇಕ್ಕೇರಿ, ನಗರ, ಚಿತ್ರದುರ್ಗಗಳ ದಾರಿಯಾಗಿ ಹಿಂತಿರುಗಿದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನವನ್ನು ನಾವು ಸಾಮಾನ್ಯವಾಗಿ ಬೆಳೆ, ಕಂದಾಯ, ಜಾತಿಗಳ ಆಕರಗ್ರಂಥವಾಗಿ ಓದುತ್ತೇವೆ. ಸಂದರ್ಶನಗಳ ಸರಮಾಲೆಯಾಗಿಯೂ ಅದನ್ನು ಓದಬಹುದು. ಪುಟ ಪುಟದಲ್ಲಿ ಅವನು ಯಾರನ್ನೋ ಕರೆಸಿ ಕೇಳುತ್ತಿದ್ದಾನೆ: ನೇಕಾರರನ್ನು ಮಗ್ಗದ ಬಂಡವಾಳದ ಬಗ್ಗೆ, ಗೊಲ್ಲರನ್ನು ದನದ ಬಗ್ಗೆ, ಒಕ್ಕಲಿಗರನ್ನು ರಾಗಿ ಬಿತ್ತುವ ಮಳೆಯ ಬಗ್ಗೆ. ಮಾಗಡಿ, ಮಧುಗಿರಿ ಕಡೆಯ ಕಬ್ಬಿಣ ಕಾಯಿಸುವವರ ಕುಲುಮೆಗೆ ಎಷ್ಟು ಆಳು ಬೇಕು, ಬಂದದ್ದರಲ್ಲಿ ಯಾರಿಗೆಷ್ಟು ಪಾಲು ಎಂಬುದನ್ನೂ ಬಿಡಿಸಿ ಕೇಳಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಯ ಕಸುಬು ನಮಗೆ ಗೊತ್ತಾಗಿರುವುದರಲ್ಲಿ ಅವನ ಕುತೂಹಲದ ಪಾಲು ದೊಡ್ಡದು.

ದುಡಿಮೆಯ ವಿವರ ಇಷ್ಟು ದಟ್ಟವಾಗಿದ್ದರೂ ದುಡಿದವನ ಹೆಸರು ಬಹುತೇಕ ಎಲ್ಲೂ ಇಲ್ಲ. ಕುಲುಮೆಯವನು ಹುಟ್ಟಿದ್ದೆಲ್ಲಿ, ಕಸುಬು ಕಲಿತದ್ದು ಯಾರಿಂದ, ಹೈದರ ಟಿಪ್ಪುಗಳ ಯುದ್ಧಗಳಲ್ಲಿ ಅವನ ಮನೆ ಏನಾಯಿತು ಎಂಬ ಪ್ರಶ್ನೆಗಳು ಬುಕಾನನ್ನನ ಆಜ್ಞಾಪತ್ರದಲ್ಲಿರಲಿಲ್ಲ. ಅವನಿಗೆ ಕನ್ನಡವೂ ಬರುತ್ತಿರಲಿಲ್ಲ. ದುಭಾಷಿಯ ಬಾಯಿಂದ ಹೊರಟದ್ದೇ ಮಾತು. ಮೇಲಾಗಿ ಅವನ ಡೇರೆಯ ಸುತ್ತ ಸರಕಾರದ ಜನರಿದ್ದರು. ಗದ್ದೆ ಎಷ್ಟು ಖಂಡುಗ ಬೆಳೆಯುತ್ತದೆ ಎಂದು ಅಂಥ ಡೇರೆಯಲ್ಲಿ ಕೇಳಿದರೆ ಯಾವ ರೈತ ತಾನೇ ಇದ್ದದ್ದನ್ನು ಇದ್ದ ಹಾಗೆ ಹೇಳಿಯಾನು? ಒಬ್ಬನ ಲೆಕ್ಕಕ್ಕೂ ಇನ್ನೊಬ್ಬನ ಲೆಕ್ಕಕ್ಕೂ ತಾಳೆಯಾಗದೆ ಬುಕಾನನ್ ಮತ್ತೆ ಮತ್ತೆ ಗೊಣಗುತ್ತಾನೆ. ಆ ಗೊಣಗಾಟವನ್ನು ಮಾಹಿತಿಯ ಕೊರತೆ ಎಂದು ಬದಿಗಿಡುವುದು ವಾಡಿಕೆ. ನನ್ನ ಮಟ್ಟಿಗೆ ಊರವರ ನಿಜವಾದ ದನಿ ಕೇಳಿಬರುವುದು ಅಲ್ಲಿಯೇ. ಹೊಸ ದೊರೆಯ ಕಡೆಯವನಿಗೆ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅವರ ಲೆಕ್ಕಾಚಾರ ಆ ಅಸಂಗತಿಯಲ್ಲಿ ಉಳಿದುಬಂದಿದೆ.

ಅದೇ ಹೊತ್ತಿಗೆ ಇನ್ನೊಬ್ಬ ಸ್ಕಾಟಿಷ್ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರಿನ ಮೋಜಣಿ ಶುರುಮಾಡಿದ್ದ. ಸುಮಾರು ಹತ್ತು ವರ್ಷ ನಡೆದ ಆ ಕೆಲಸದಲ್ಲಿ ಸರಪಳಿ ಎಳೆಯುವವರ ಜೊತೆಗೆ ಕಥೆ ಕೇಳುವವರೂ ಊರೂರು ತಿರುಗಿದರು. ಕಾವಲಿ ವೆಂಕಟ ಬೋರಯ್ಯ, 1803ರಲ್ಲಿ ಅವನು ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ, ಜೈನ ಪಂಡಿತ ಧರ್ಮಯ್ಯ ಮೊದಲಾದವರು ಶಾಸನ ನಕಲು ಮಾಡಿದರು, ಕಡತ ಬಿಚ್ಚಿಸಿದರು, ಹಿರಿಯರನ್ನು ಕೂರಿಸಿಕೊಂಡು ಊರಿನ ಪೂರ್ವೋತ್ತರ ಬರೆಸಿಕೊಂಡರು. ಹೀಗೆ ಹುಟ್ಟಿದವೇ ಕೈಫಿಯತ್ತುಗಳು. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿದಾಗಲೇ ಅವು ಸಾಮಾನ್ಯ ಓದುಗರ ಕೈಗೆ ಬಂದದ್ದು. ಮೆಕೆಂಜಿ 1821ರಲ್ಲಿ ಸತ್ತ. ಅವನ ಸಂಗ್ರಹವನ್ನು ಈಸ್ಟ್ ಇಂಡಿಯಾ ಕಂಪನಿ ಅವನ ಹೆಂಡತಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಅದರ ಸೂಚಿಯನ್ನು 1828ರಲ್ಲಿ ಸಿದ್ಧಪಡಿಸಿದ ಎಚ್.ಎಚ್. ವಿಲ್ಸನ್ ಸಂಸ್ಕೃತ ವಿದ್ವಾಂಸ. ದಕ್ಷಿಣದ ಭಾಷೆಗಳ ಮಟ್ಟಿಗೆ ಅವನು ಪೂರ್ತಿ ಅನುವಾದಗಳನ್ನೇ ನೆಚ್ಚಿಕೊಂಡಿದ್ದ.

ಕೈಫಿಯತ್ತು ಎಂದರೆ ಸ್ಥಿತಿಗತಿಯ ಹೇಳಿಕೆ. ಹೇಳಿಕೆ ಯಾರದು? ಹೆಚ್ಚಾಗಿ ಶಾನುಭೋಗರದು, ಗೌಡರದು, ದೇವಸ್ಥಾನದ ಅರ್ಚಕರದು. ಊರು ಕಟ್ಟಿದವನು ಯಾರು, ಮೊಲ ನಾಯಿಯನ್ನು ಅಟ್ಟಿಸಿಕೊಂಡು ಬಂದ ಗಂಡುಮೆಟ್ಟಿನ ನೆಲ ಯಾವುದು, ಕೆರೆ ಕಟ್ಟಿಸಿದ್ದು ಯಾವ ಪಾಳೆಯಗಾರ, ಮಾನ್ಯ ಬಿಟ್ಟದ್ದು ಯಾವ ದೊರೆ ಎಂಬ ಕ್ರಮದಲ್ಲಿ ಅವು ಸಾಗುತ್ತವೆ. ಇಲ್ಲಿ ಮಾತಾಡುತ್ತಿರುವುದು ಚಾವಡಿ. ನೀರುಗಂಟಿ, ತೋಟಿ, ತಳವಾರರು ಕಥೆಯೊಳಗೆ ಬಂದರೂ ಕಥೆ ಹೇಳುವವರಾಗಿ ಬರುವುದು ಅಪರೂಪ. ಇನಾಮು ಕಳಕೊಳ್ಳುವ ಭಯಕ್ಕೆ ಹಳೆಯ ಸನ್ನದು ತೋರಿಸಲು ಹಿಂಜರಿದವರೂ ಇದ್ದರು. ತೋರಿಸಿದರೆ ಹಕ್ಕು ಗಟ್ಟಿಯಾದೀತೆಂದು ತಾವಾಗಿ ಹುಡುಕಿಕೊಂಡು ಬಂದವರೂ ಇದ್ದರು. ನಿಕೋಲಸ್ ಡರ್ಕ್ಸ್ ಈ ಸಂಗ್ರಹವನ್ನು ವಸಾಹತು ಆಡಳಿತದ ಜ್ಞಾನಯಂತ್ರದ ಭಾಗವೆಂದು ಓದಿದರೆ, ಫಿಲಿಪ್ ವ್ಯಾಗನರ್ ಸಹಾಯಕರ ಪಾಲಿಗೆ ಒತ್ತು ಕೊಡುತ್ತಾರೆ: ಬೋರಯ್ಯನಂಥವರು ನವಾಬರ ಕಾಲದ ಕಚೇರಿಗಳ ವಿದ್ಯೆಯನ್ನು ಹೊತ್ತು ತಂದವರು, ಬರೀ ಕೂಲಿ ಬರಹಗಾರರಲ್ಲ. ಇವರಿಬ್ಬರ ವಾದದಲ್ಲೂ ಮೂರನೆಯವನಿಗೆ, ಎಂದರೆ ಉತ್ತರ ಹೇಳಿದ ಊರವನಿಗೆ, ಸಿಗಬೇಕಾದ ಜಾಗ ಸಿಕ್ಕಿಲ್ಲ.

ಮುಂದಿನ ಒಂದು ಶತಮಾನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜನಗಣತಿ ಬಂತು, ಜಾತಿವಾರು ಜನಾಂಗ ಸಮೀಕ್ಷೆ ಬಂತು. ಎಚ್.ವಿ. ನಂಜುಂಡಯ್ಯ ಆರಂಭಿಸಿ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಗಿಸಿದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ನಾಲ್ಕು ಸಂಪುಟಗಳು 1928ರಿಂದ ಹೊರಬಂದವು. ಮದುವೆ, ಮೈಲಿಗೆ, ಕುಲದೇವರು ಎಂಬ ಕಟ್ಟಿಟ್ಟ ತಲೆಬರಹಗಳ ಅಡಿಯಲ್ಲಿ ಅಲ್ಲಿ ಉತ್ತರ ಹೇಳುವುದು ಒಂದಿಡೀ ಜಾತಿ.

ಪ್ರಶ್ನೆ ಕೇಳಿಸಿಕೊಳ್ಳಲು ಒಪ್ಪದಿರುವುದೂ ಈ ಚರಿತ್ರೆಯ ಭಾಗ. 1930ರಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ಕೆಲಸಗಾರರ ಬೆರಳಚ್ಚು ಪಡೆದು ದಾಖಲೆ ಮಾಡುವ ಹೊಸ ಪದ್ಧತಿ ಬಂದಾಗ ಸಾವಿರಾರು ಗಣಿಗಾರರು ಕೆಲಸ ನಿಲ್ಲಿಸಿದರು. ತಮ್ಮ ಗುರುತು ಯಾರ ಪುಸ್ತಕದಲ್ಲಿ, ಯಾತಕ್ಕಾಗಿ ಸೇರುತ್ತದೆ ಎಂಬುದು ಅವರಿಗೆ ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು. ಜಾನಕಿ ನಾಯರ್ ಗಣಿ ಮತ್ತು ಗಿರಣಿ ಕೆಲಸಗಾರರ ಕುರಿತು 1998ರಲ್ಲಿ ಪ್ರಕಟಿಸಿದ ಅಧ್ಯಯನ ಈ ಲೋಕದ ಒಳಗನ್ನು ತೆರೆದಿಟ್ಟಿತು.

ಜಾನಪದ ಸಂಗ್ರಾಹಕರು ಮೇಲಿನವರಿಗಿಂತ ಹತ್ತಿರ ಕೂತರು, ನಿಜ. ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಪದಗಳನ್ನು ತಮ್ಮ ಮನೆಯ, ನೆರೆಮನೆಯ ಹೆಂಗಸರಿಂದಲೇ ಬರೆದುಕೊಂಡರು. 'ಗರತಿಯ ಹಾಡು' 1931ರಲ್ಲಿ ಬಂತು. ಆದರೆ ಗರತಿ ಎಂಬುದು ಸಮಷ್ಟಿಯ ಹೆಸರು. ಬೀಸುತ್ತಿದ್ದವಳು ಎಷ್ಟು ಹೊತ್ತಿಗೆ ಎದ್ದಿದ್ದಳು, ಎಷ್ಟು ಸೇರು ಬೀಸಿದಳು, ತವರು ಯಾವುದು ಎಂದು ಕೇಳುವ ರೂಢಿ ಬರಲು ಇನ್ನೂ ದಶಕಗಳು ಬೇಕಾದವು. ಹಾಡು ಜನರದು ಎಂದು ಒಪ್ಪಿಕೊಂಡ ಉದಾರತೆಯೇ ಹಾಡಿದವಳನ್ನು ಮರೆಸಿತು. ಇದಕ್ಕೆ ಎದುರಾಗಿ ನಿಲ್ಲುವ ಕೆಲಸ ತುಳುನಾಡಿನಿಂದ ಬಂತು. ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರೊಂದಿಗೆ 1990ರಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದ, ಸಿರಿ ಸಂಧಿ ಎಂಬ ತುಳು ಮೌಖಿಕ ಕಾವ್ಯಕ್ಕೆ 15,683 ಸಾಲು. ಅದರ ಶೀರ್ಷಿಕೆಯಲ್ಲೇ ಹಾಡಿದ ಗೋಪಾಲ ನಾಯ್ಕರ ಹೆಸರಿದೆ. ಅವರು ಕಾವ್ಯವನ್ನು ಎಲ್ಲಿ ಕಲಿತರು, ಉಳುತ್ತ ನಡುತ್ತ ಹೇಗೆ ಹಾಡಿಕೊಂಡರು ಎಂಬುದು ಜೊತೆಯ ಅಧ್ಯಯನದ ಕೇಂದ್ರದಲ್ಲಿದೆ.

ಈಗ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ವಿಷಯ. 1948ರಲ್ಲಿ ಅವರು ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಹೋಗಿ ನೆಲೆಸಿದರು. ಬರಹದಲ್ಲಿ ಅದನ್ನು ರಾಂಪುರ ಎಂದು ಕರೆದರು. ಪೂರ್ವಿಕರ ಊರಿನ ಸೀಮೆಯೇ ಆದ್ದರಿಂದ ದುಭಾಷಿಯ ಗೊಡವೆ ಇರಲಿಲ್ಲ. ಉಳಿದುಕೊಂಡದ್ದು ಗೌಡರಿಗೆ ಸೇರಿದ ದನದ ಮನೆಯಲ್ಲಿ. ಎತ್ತುಗಳನ್ನು ಕಟ್ಟುವ, ಊರಿನ ಜನ ಬಂದು ಹೋಗುವ ಆ ಮನೆಯ ಜಗಲಿ ಕಚೇರಿಗಿಂತ ಒಳ್ಳೆಯ ಸಂಶೋಧನಾಲಯವಾಯಿತು. ಪ್ರಶ್ನೆಪಟ್ಟಿ ಹಿಡಿದು ಕೇಳಿದ್ದಕ್ಕಿಂತ ಎಲೆ ಅಡಿಕೆ ಮೆಲ್ಲುತ್ತ ಕೇಳಿಸಿಕೊಂಡದ್ದು ಹೆಚ್ಚು. ಜಗಳ, ನ್ಯಾಯ, ಸಾಲ, ಮದುವೆ ಮಾತುಕತೆಗಳ ನಡುವೆ ಒಬ್ಬೊಬ್ಬರ ಬದುಕು ತಾನಾಗಿ ಬಿಚ್ಚಿಕೊಂಡಿತು. ಅದೇ ಜಗಲಿ ಅವರನ್ನು ಕಟ್ಟಿಯೂ ಹಾಕಿತು. ಗೌಡರ ಅತಿಥಿ, ಜಾತಿಯಲ್ಲಿ ಬ್ರಾಹ್ಮಣ ಎಂದಾದ ಮೇಲೆ ಹೊಲೆಗೇರಿಯಲ್ಲಿ ಹೋಗಿ ಕೂರುವುದು ಸುಲಭವಿರಲಿಲ್ಲ. ತಮ್ಮ ಚಿತ್ರ ಮೇಲುಜಾತಿಯವರ ಕಣ್ಣಿನಿಂದ ಕಂಡದ್ದು ಎಂದು ಅವರೇ ಒಪ್ಪಿಕೊಂಡಿದ್ದಾರೆ. ಡೇರೆಯಲ್ಲಿ ಕೂತ ಬುಕಾನನ್ ಬರೆಯದೇ ಬಿಟ್ಟ ವಾಕ್ಯ ಅದು.

1970ರ ಏಪ್ರಿಲ್ 24ರಂದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿಯಿಟ್ಟರು. ಹದಿನೆಂಟು ವರ್ಷ ತಿದ್ದಿ ತೀಡಿಟ್ಟ ಟಿಪ್ಪಣಿಗಳ ಮೂರು ಪ್ರತಿಗಳೂ ಅಲ್ಲೇ ಇದ್ದವು, ಸುಟ್ಟುಹೋದವು. ನೆನಪಿನಿಂದಲೇ ಬರೆಯಿರಿ ಎಂದವರು ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್. ಹಾಗೆ ಬಂದ 1976ರ ಪುಸ್ತಕವನ್ನು ನಾವು 'ನೆನಪಿನ ಹಳ್ಳಿ' ಎಂದು ಬಲ್ಲೆವು. ಅಲ್ಲಿಯವರೆಗೆ ಮಾಹಿತಿದಾರರಾಗಿದ್ದವರು ಆ ಪುಸ್ತಕದಲ್ಲಿ ಸಿಡುಕುವ, ಬಿಗುಮಾನದ, ಲೆಕ್ಕದಲ್ಲಿ ಗಟ್ಟಿಗರಾದ ಮನುಷ್ಯರಾಗಿದ್ದಾರೆ. ಟಿಪ್ಪಣಿ ಉಳಿದಿದ್ದರೆ ಅಷ್ಟು ಜೀವಂತವಾಗಿ ಬರುತ್ತಿದ್ದರೇ ಎಂಬ ಅನುಮಾನ ನನಗಿದೆ. ಹಾಗೆಂದು ಬೆಂಕಿಯನ್ನು ಹೊಗಳುವುದು ಸಂಶೋಧಕನಿಗೆ ತಕ್ಕದ್ದಲ್ಲ.

ಮಂಡ್ಯ ಸೀಮೆಯ ಎರಡು ಹಳ್ಳಿಗಳಿಗೆ 1954ರಲ್ಲಿ ಬಂದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಹುಟ್ಟಿದ್ದು ವಿಯೆನ್ನಾದಲ್ಲಿ. ಒಂದು ನಾಲೆ ನೀರು ಹರಿದ ಊರು, ಇನ್ನೊಂದು ಹರಿಯದ್ದು. ಅವಕ್ಕೆ ವಂಗಲ, ದಲೇನ ಎಂದು ಹೆಸರಿಟ್ಟರು. ಅವರ ಕೆಲಸದ ಹೆಚ್ಚುಗಾರಿಕೆ ಇರುವುದು ಮರಳಿ ಬಂದದ್ದರಲ್ಲಿ. 1970ರಲ್ಲಿ ಮತ್ತೆ ಬಂದು ಅದೇ ಮನೆಗಳ ಬಾಗಿಲಲ್ಲಿ ಕೂತರು. 1998ರಲ್ಲಿ ಎ.ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡರೊಂದಿಗೆ ನಲವತ್ತು ವರ್ಷದ ಬದಲಾವಣೆಯನ್ನು ಹಳ್ಳಿಯ ದನಿಗಳೆಂಬ ಹೆಸರಿನಲ್ಲಿ ಪ್ರಕಟಿಸಿದರು. ಮೊದಲ ಸಲದ ಸಹಾಯಕ ಕೊನೆಯ ಪುಸ್ತಕದ ಹೊತ್ತಿಗೆ ಸಹಲೇಖಕ. ಮೆಕೆಂಜಿಯ ಕಾಲಕ್ಕೆ ಬೋರಯ್ಯನಿಗೆ ಸಿಗದ ಜಾಗ ಅದು.

ಧ್ವನಿಮುದ್ರಿಸಿ ಸಂಗ್ರಹಿಸುವ ಮೌಖಿಕ ಇತಿಹಾಸ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ನೆವಿನ್ಸ್ ಕೈಯಲ್ಲಿ 1948ರಲ್ಲಿ ಶುರುವಾಯಿತೆಂದು ಹೇಳುವುದು ರೂಢಿ. ಶ್ರೀನಿವಾಸರು ರಾಂಪುರದಲ್ಲಿದ್ದ ವರ್ಷವೇ ಅದು. ದೆಹಲಿಯ ತೀನ್‌ಮೂರ್ತಿ ಭವನದಲ್ಲಿ 1966ರ ಸುಮಾರಿಗೆ ಇದೇ ಕೆಲಸ ಆರಂಭವಾಯಿತು. ಎರಡೂ ಕಡೆ ಮೊದಲು ಮಾತಾಡಿದವರು ದೊಡ್ಡವರು. ಕರ್ನಾಟಕದಲ್ಲಿ ಸೂರ್ಯನಾಥ ಕಾಮತರು ಸಂಪಾದಿಸಿದ 'ಸ್ವಾತಂತ್ರ್ಯ ಸಂಗ್ರಾಮದ ಸ್ಮೃತಿಗಳು' ಸಂಪುಟಗಳು ತಾಲ್ಲೂಕು ಮಟ್ಟದ ಹೋರಾಟಗಾರರವರೆಗೂ ಇಳಿದವು. 1938ರ ವಿದುರಾಶ್ವತ್ಥದ ಗೋಲಿಬಾರಿನಲ್ಲಿ ಸತ್ತವರ ಲೆಕ್ಕ ಸರಕಾರಿ ಕಾಗದದಲ್ಲಿ ಒಂದು, ಊರ ನೆನಪಿನಲ್ಲಿ ಇನ್ನೊಂದು. 1942ರ ಈಸೂರು ದಂಗೆಯಲ್ಲಿ ಗಲ್ಲಿಗೇರಿದ ಐವರು ಕೋರ್ಟಿನ ದಾಖಲೆಯಲ್ಲಿ ಆರೋಪಿಗಳು, ಶಿಕಾರಿಪುರದ ಸೀಮೆಯಲ್ಲಿ ಹುತಾತ್ಮರು. ಇಂಥಲ್ಲಿ ಊರವರ ಮಾತು ಕಾಗದದ ಜೊತೆ ವ್ಯಾಜ್ಯಕ್ಕೇ ನಿಲ್ಲುತ್ತದೆ. ಆದರೂ ನೆನಪು ದೇಶಸೇವೆಯ ಸುತ್ತಲೇ ಗಿರಕಿ ಹೊಡೆಯುವುದರಿಂದ ಜೈಲಿಗೆ ಹೋದವನ ಹೆಂಡತಿ ಆ ಎರಡು ವರ್ಷ ಗದ್ದೆಯನ್ನು ಯಾರ ಕೈಲಿ ಉಳಿಸಿದಳು ಎಂಬುದು ಬದಿಗೇ ಉಳಿಯಿತು. ಇಂದಿಗೂ ಮನೆಯ ಗಂಡಸರು ಪಕ್ಕದಲ್ಲಿ ಕೂತಿದ್ದರೆ ಹೆಂಗಸರಿಂದ ಸಿಗುವ ಉತ್ತರ 'ನಾನೇನ್ ಮಾಡಿದೆ, ಮನೆ ಕೆಲ್ಸ' ಎಂಬಷ್ಟೇ. ಅವರು ಎದ್ದು ಹೋದ ಮೇಲೆ ಹಾಲಿನ ಲೆಕ್ಕ, ಸಂಘದ ಸಾಲ, ಊರ ಹಬ್ಬಕ್ಕೆ ಎತ್ತಿದ ವಂತಿಗೆ ಎಲ್ಲವೂ ಬರುತ್ತವೆ.

ಕನ್ನಡದಲ್ಲಿ ಒಬ್ಬರ ಬದುಕು ಮತ್ತು ವೃತ್ತಿಯನ್ನು ಕೇಳಿ ಬರೆಯುವ ನಿಜವಾದ ಕಸುಬು ಬೆಳೆದದ್ದು ವಿಶ್ವವಿದ್ಯಾಲಯಗಳ ಹೊರಗೆ, 'ನಿರೂಪಣೆ' ಎಂಬ ಹೆಸರಿನಲ್ಲಿ. ರಂಗನಟ ಏಣಗಿ ಬಾಳಪ್ಪನವರ ನೆನಪುಗಳನ್ನು ಗಣೇಶ ಅಮೀನಗಡ 'ಬಣ್ಣದ ಬದುಕಿನ ಚಿನ್ನದ ದಿನಗಳು' ಎಂದು ಬರೆದುಕೊಂಡಂತೆ, ಓದುಬರಹ ಕಡಿಮೆಯಿದ್ದ ಅನೇಕ ಕಲಾವಿದರ ಆತ್ಮಕಥೆಗಳು ಇನ್ನೊಬ್ಬರ ಲೇಖನಿಯಿಂದ ಬಂದಿವೆ. ಇವನ್ನು ಸಾಹಿತ್ಯದ ಕಪಾಟಿನಲ್ಲಿಟ್ಟು ಇತಿಹಾಸಕಾರರು ಮರೆತಿದ್ದಾರೆ. ಹೇಳಿದ್ದೆಷ್ಟು, ನಿರೂಪಕರು ಹೊಂದಿಸಿದ್ದೆಷ್ಟು ಎಂಬ ಪ್ರಶ್ನೆ ಇಲ್ಲಿ ಉಂಟು. ಕೈಫಿಯತ್ತಿಗೆ ಕೇಳದ ಈ ಪ್ರಶ್ನೆಯನ್ನು ನಾಟಕ ಕಂಪನಿಯ ನಟನಿಗೆ ಮಾತ್ರ ಏಕೆ ಕೇಳಬೇಕೋ ತಿಳಿಯದು.

ಉತ್ತರ ಹೇಳಿದವನೇ ಪ್ರಶ್ನೆ ಕೇಳಿದವನ ಬಗ್ಗೆ ಬರೆದಿಟ್ಟ ಒಂದು ಪ್ರಸಂಗ ನಮ್ಮಲ್ಲಿದೆ. 1804ರಲ್ಲಿ ಮೆಕೆಂಜಿ ಚಾಮರಾಜನಗರದ ಬಳಿಯ ಮಲೆಯೂರಿಗೆ, ಎಂದರೆ ಕನಕಗಿರಿಗೆ, ಬಂದು ಸ್ಥಳಪುರಾಣ ಕೇಳಿದಾಗ ಎದುರಿದ್ದವನು ಅಲ್ಲಿಯ ಜೈನ ಪಂಡಿತ ದೇವಚಂದ್ರ. ಮೂರು ದಶಕ ಮೀರಿದ ಮೇಲೆ, ಮೈಸೂರು ಅರಮನೆಯ ದೇವಿರಮ್ಮಣ್ಣಿಗಾಗಿ ಅವನು 'ರಾಜಾವಳಿಕಥೆ'ಯನ್ನು ಬರೆದು ಮುಗಿಸಿದ. ತೀರ್ಥಂಕರರು, ಚಂದ್ರಗುಪ್ತ, ಹೊಯ್ಸಳರು, ಮೈಸೂರ ಒಡೆಯರು ಎಲ್ಲರೂ ಬಂದುಹೋಗುವ ಆ ದೊಡ್ಡ ಕಥೆಯೊಳಗೆ ಮೋಜಣಿಯ ದೊರೆ ತನ್ನೂರಿಗೆ ಬಂದದ್ದನ್ನೂ, ತನ್ನಿಂದ ಹಳೆಯ ಕಥೆ ಓದಿಸಿ ಕೇಳಿದ್ದನ್ನೂ ಸೇರಿಸಿದ್ದಾನೆ. ಲಂಡನ್ನಿಗೆ ಹೋದ ಪೆಟ್ಟಿಗೆಗಳಲ್ಲಿ ದೇವಚಂದ್ರ ಒಬ್ಬ ಮಾಹಿತಿದಾರ. ಮಲೆಯೂರಿನ ಬರಹದಲ್ಲಿ ಮೆಕೆಂಜಿ, ಕಥೆ ಕೇಳಲು ಬಂದ ಇನ್ನೊಬ್ಬ ದೊರೆ.