ಮುಂಬಯಿಯ ಮುಚ್ಚಿದ ಬಾವಿಗಳು

ಚರ್ಚ್‌ಗೇಟ್ ನಿಲ್ದಾಣದಲ್ಲಿ ಇಳಿದು ಫ್ಲೋರಾ ಫೌಂಟನ್ ಕಡೆಗೆ ನಡೆಯುವಾಗ ಕ್ರಾಸ್ ಮೈದಾನದ ಅಂಚಿನಲ್ಲಿ ಒಂದು ಬಾವಿ ಸಿಗುತ್ತದೆ. ಕಚೇರಿಯ ಅವಸರದಲ್ಲಿ ನಮ್ಮಲ್ಲಿ ಹೆಚ್ಚಿನವರು ಅದನ್ನು ಕಂಡೂ ಕಾಣದವರಂತೆ ಮುಂದೆ ಸಾಗುತ್ತೇವೆ. ಭೀಖಾಜಿ ಬೆಹ್ರಾಮ್‌ಜಿ ಎಂಬ ಪಾರ್ಸಿ ಗೃಹಸ್ಥರು 1725ರಲ್ಲಿ ತೋಡಿಸಿದ ಬಾವಿ ಅದು. ಮುನ್ನೂರು ವರ್ಷಗಳಾದರೂ ಪಾರ್ಸಿ ಬಂಧುಗಳು ಅಲ್ಲಿ ದೀಪ ಹಚ್ಚಿ ಪ್ರಾರ್ಥಿಸುತ್ತಾರೆ. ಸಮುದ್ರ ಅಷ್ಟು ಹತ್ತಿರವಿದ್ದರೂ ಅದರ ನೀರು ಸಿಹಿ. ಭಕ್ತರಿಗೆ ಅದು ದೈವಕೃಪೆ. ನೆಲವನ್ನು ಬಲ್ಲವರಿಗೆ ಮಳೆಯ ಕೃಪೆ. ನೆಲಕ್ಕೆ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆಯೇ ನಿಲ್ಲುತ್ತದೆ. ಮಳೆ ಇಂಗುತ್ತಿರುವವರೆಗೆ, ಸೇದುವವರು ಮಿತಿ ಮೀರದಿರುವವರೆಗೆ, ಬಾವಿ ಸಿಹಿಯಾಗಿಯೇ ಇರುತ್ತದೆ.

ಹಳೆಯ ಮುಂಬಯಿ ಬದುಕಿದ್ದು ಇಂತಹ ಬಾವಿಗಳಿಂದಲೇ, ಕೆರೆಗಳಿಂದಲೇ. ಇದಕ್ಕೆ ಊರಿನ ಹೆಸರುಗಳೇ ಸಾಕ್ಷಿ. ಧೋಬಿ ತಲಾವ್, ಸಿ. ಪಿ. ಟ್ಯಾಂಕ್, ದೋ ಟಾಂಕಿ ಎಂದು ಬಸ್ಸಿನ ನಿರ್ವಾಹಕರು ಇಂದಿಗೂ ಕೂಗುತ್ತಾರೆ. ಇಳಿದು ನೋಡಿದರೆ ಹನಿ ನೀರಿಲ್ಲ. 1942ರಲ್ಲಿ ಗಾಂಧೀಜಿ 'ಭಾರತ ಬಿಟ್ಟು ತೊಲಗಿ' ಎಂಬ ಕರೆ ಕೊಟ್ಟ ಮೈದಾನಕ್ಕೂ ಗೋವಾಲಿಯಾ ಟ್ಯಾಂಕ್ ಎಂದೇ ಹೆಸರು. ದನಕರುಗಳನ್ನು ಮೀಯಿಸುತ್ತಿದ್ದ ಕೆರೆಯ ನೆನಪು ಅದು.

ಹತ್ತೊಂಬತ್ತನೆಯ ಶತಮಾನದಲ್ಲಿ ಗಿರಣಿ, ಬಂದರು, ರೈಲುಗಳಿಂದಾಗಿ ಊರು ಬೆಳೆದಂತೆ ಬಾವಿಗಳು ಸಾಲದಾದವು. 1850ರ ದಶಕದ ಮಧ್ಯದಲ್ಲಿ ಮಳೆ ಕೈಕೊಟ್ಟಾಗ ಹೊರಗಿನಿಂದ ದೋಣಿಯಲ್ಲಿ ನೀರು ತರಿಸಬೇಕಾಯಿತು. ಆಗ ಎಚ್ಚೆತ್ತ ಸರಕಾರ ಮಿಠಿ ನದಿಗೆ ಅಡ್ಡಲಾಗಿ ವಿಹಾರ್ ಜಲಾಶಯವನ್ನು ಕಟ್ಟಿಸಿತು. 1860ರಲ್ಲಿ ಅದರ ನೀರು ಕೊಳವೆಗಳಲ್ಲಿ ಊರನ್ನು ತಲುಪಿತು. 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ ಸೇರಿದವು. ಮನೆಯೊಳಗೆ ನಲ್ಲಿ ಬಂದಮೇಲೆ ಅಂಗಳದ ಬಾವಿಯ ಹಂಗು ಯಾರಿಗೆ ಬೇಕು?

ಬಾವಿಗಳ ಮೇಲೆ ಕೊನೆಯ ಕಲ್ಲು ಎಳೆದದ್ದು ಮಲೇರಿಯಾ. ಡಾ. ಬೆಂಟ್ಲಿ ಎಂಬ ವೈದ್ಯಾಧಿಕಾರಿ 1911ರ ತಮ್ಮ ವರದಿಯಲ್ಲಿ, ಈ ಊರಿನಲ್ಲಿ ರೋಗ ಹರಡುವ ಸೊಳ್ಳೆ ಹುಟ್ಟುತ್ತಿರುವುದು ಮುಖ್ಯವಾಗಿ ಮನೆಗಳ ಬಾವಿ ಮತ್ತು ತೊಟ್ಟಿಗಳಲ್ಲೇ ಎಂದು ತೋರಿಸಿದರು. ಬಾವಿಗಳನ್ನು ಮುಚ್ಚಿರಿ, ಇಲ್ಲವೇ ತುಂಬಿರಿ ಎಂದು ನಗರಸಭೆ ಬೆನ್ನು ಹತ್ತಿತು. ಧರ್ಮಕಾರ್ಯಗಳಿಗೆ ಬಾವಿಯ ನೀರೇ ಬೇಕೆಂದು ಪಾರ್ಸಿಗಳೂ ಹಿಂದೂಗಳೂ ಪ್ರತಿಭಟಿಸಿದರು. ಕೆಲವು ಬಾವಿಗಳು ತಂತಿಬಲೆ ಹೊದ್ದುಕೊಂಡು ಉಳಿದವು, ಅನೇಕವು ಮಣ್ಣುಪಾಲಾದವು. ಆ ಅಧಿಕಾರಿಗಳನ್ನು ಈಗ ದೂರುವುದು ಸುಲಭ. ಆದರೆ ಜನ ಜ್ವರದಿಂದ ಸಾಯುತ್ತಿದ್ದ ಕಾಲ ಅದು. ಅವರು ಮಾಡಿದ್ದು ತಪ್ಪೆನ್ನಲಾರೆವು. ತಪ್ಪು ಮುಂದಿನ ತಲೆಮಾರುಗಳಾದ ನಮ್ಮದು. ಬಾವಿಯ ಜೊತೆಗೆ ಮಳೆಯ ಲೆಕ್ಕವನ್ನೂ ನಾವು ಮುಚ್ಚಿಬಿಟ್ಟೆವು.

ಆ ಲೆಕ್ಕ ಬಹಳ ಸರಳವಾದುದು. ಮುಂಬಯಿಗೆ ವರ್ಷಕ್ಕೆ ಬೀಳುವ ಮಳೆ 2,000 ಮಿಲಿಮೀಟರಿಗೂ ಹೆಚ್ಚು. 500 ಚದರ ಮೀಟರಿನ ಒಂದು ತಾರಸಿಯ ಮೇಲೆ ಬೀಳುವುದು ಸುಮಾರು ಹತ್ತು ಲಕ್ಷ ಲೀಟರು. ಅದು ಚರಂಡಿಗೆ, ಅಲ್ಲಿಂದ ಸಮುದ್ರಕ್ಕೆ. ನಾವು ಕುಡಿಯುವುದೋ ನೂರು ಕಿಲೋಮೀಟರು ಆಚೆಯ ನೀರು. ತಾನ್ಸಾ, ಭಾತ್ಸಾ ಜಲಾಶಯಗಳನ್ನು ಮಡಿಲಲ್ಲಿಟ್ಟುಕೊಂಡ ಶಹಾಪುರ ತಾಲೂಕಿನ ಹಳ್ಳಿಯ ಹೆಂಗಸರು ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುತ್ತಾರೆ. ನಮ್ಮ ನಲ್ಲಿಯ ಹಿಂದೆ ಈ ಋಣವಿದೆ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದುದನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಅಂತಹ ಮಳೆಯನ್ನು ಯಾವ ಗುಂಡಿಯೂ ನುಂಗಲಾರದು, ನಿಜ. ಆದರೆ ಪ್ರತಿ ಆಷಾಢದಲ್ಲೂ ಬರುವ ಸಾಧಾರಣ ಮಳೆಗೂ ಬೀದಿ ಹೊಳೆಯಾಗುವುದೇಕೆ? ಅಂಗಳಗಳಿಗೆಲ್ಲ ಸಿಮೆಂಟು ಬಳಿದುದೂ ಒಂದು ಕಾರಣ. ನೆರೆ ತಡೆಯಲು ದಾದರ್, ಪರೇಲ್‌ಗಳ ಮೈದಾನಗಳಡಿ ನಗರಪಾಲಿಕೆ ಇತ್ತೀಚೆಗೆ ದೊಡ್ಡ ಟಾಂಕಿಗಳನ್ನೇ ಕಟ್ಟಿಸಿತು. ಆದರೆ ಹಿಡಿದಿಟ್ಟ ಆ ನೀರನ್ನೂ ಭರತ ಇಳಿದಮೇಲೆ ಸಮುದ್ರಕ್ಕೇ ಬಿಡುತ್ತಾರೆ.

ಹೊಸ ಕಟ್ಟಡಗಳು ಮಳೆನೀರನ್ನು ಹಿಡಿಯಲೇಬೇಕೆಂಬ ನಿಯಮ ಇಲ್ಲಿ 2002ರಲ್ಲೇ ಬಂದಿತು. ಮೊದಲು 1,000 ಚದರ ಮೀಟರಿಗಿಂತ ದೊಡ್ಡ ನಿವೇಶನಗಳಿಗೆ ಅನ್ವಯಿಸಿದ ಅದನ್ನು 2007ರಲ್ಲಿ 300 ಚದರ ಮೀಟರಿಗೆ ಇಳಿಸಲಾಯಿತು. ವಿಧಾನ ಎರಡು ಬಗೆಯದು. ಮೊದಲನೆಯದು ಶೇಖರಣೆ. ಮೊದಲ ಮಳೆಯ ಕೊಳೆನೀರನ್ನು ಹೊರಕ್ಕೆ ಬಿಟ್ಟು, ಆಮೇಲಿನದನ್ನು ಜಲ್ಲಿ, ಮರಳುಗಳ ಮೂಲಕ ಸೋಸಿ, ನೆಲದಡಿಯ ಟಾಂಕಿಯಲ್ಲಿ ತುಂಬಿ, ಶೌಚಕ್ಕೂ ಗಿಡಗಳಿಗೂ ಬಳಸುವುದು. ಇನ್ನೊಂದು ಇಂಗಿಸುವುದು. ಸೋಸಿದ ನೀರನ್ನು ಗುಂಡಿಗೋ ಹಳೆಯ ಬಾವಿಗೋ ಇಳಿಸಿ ನೆಲಕ್ಕೆ ಕುಡಿಸುವುದು. ಸಮುದ್ರ ತುಂಬಿ ಮಾಡಿದ ನೆಲದಲ್ಲಿ ಸ್ವಲ್ಪ ಅಗೆದರೆ ಉಪ್ಪುನೀರೇ ಸಿಗುವುದರಿಂದ ಅಲ್ಲಿ ಟಾಂಕಿ ಮೇಲು. ಮುರಮಣ್ಣು ಇರುವಲ್ಲಿ ಇಂಗುಗುಂಡಿ ಸಾಕು. ಸೊಳ್ಳೆ ನುಗ್ಗದ ಮುಚ್ಚಳ ಮಾತ್ರ ಎಲ್ಲೆಡೆಯೂ ಬೇಕು. ಬೆಂಟ್ಲಿಯವರ ಪಾಠವನ್ನು ಮರೆಯುವಂತಿಲ್ಲ.

ನಿಯಮವೇನೋ ಬಂತು. ನಾವಿರುವ ಸೊಸೈಟಿಯಲ್ಲೂ ಕಟ್ಟಿಸಿದವರು ಇಂಗುಗುಂಡಿ ಮಾಡಿಕೊಟ್ಟಿದ್ದರು. ಕಳೆದ ವರ್ಷ ಮುಚ್ಚಳ ತೆಗೆಸಿ ನೋಡಿದೆವು. ಒಳಗೆ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಚೀಲ. ತಾರಸಿಯ ಪೈಪು ಗುಂಡಿಗೆ ಸೇರಿಯೇ ಇರಲಿಲ್ಲ! ಪ್ರಮಾಣಪತ್ರಕ್ಕಾಗಿ ತೋಡಿದ ಗುಂಡಿ ಪ್ರಮಾಣಪತ್ರವನ್ನಷ್ಟೇ ಕುಡಿದಿತ್ತು. ಅದೇ ಸೊಸೈಟಿ ಪ್ರತಿ ಮೇ ತಿಂಗಳಲ್ಲೂ ಟ್ಯಾಂಕರಿಗೆ ಹಣ ತೆರುತ್ತದೆ. ಸಭೆಯಲ್ಲಿ ವಿಷಯವೆತ್ತಿದಾಗ "ನೀರು ನಗರಪಾಲಿಕೆಯ ಕೆಲಸ, ನಮ್ಮದಲ್ಲ" ಎಂದವರು ನಮ್ಮಲ್ಲೇ ಇದ್ದರು.

ಊರಿನಿಂದ ಬಂದ ನಮ್ಮ ಬಾಯಲ್ಲಿ ಈ ಮಾತು ಬರಬಾರದಿತ್ತು. ಗುಡ್ಡದ ಇಳಿಜಾರಿನಲ್ಲಿ ಮಳೆನೀರನ್ನು ತಡೆದು, ಕೆಳಗಿನ ಬಾವಿಗೂ ಅಡಿಕೆ ತೋಟಕ್ಕೂ ಒಸರು ಕೊಡುವ ಮದಕಗಳನ್ನು ಕಟ್ಟಿದವರು ದಕ್ಷಿಣ ಕನ್ನಡದ ನಮ್ಮ ಹಿರಿಯರು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ಹನಿಹನಿಯಾಗಿ ನೀರು ತಂದವರೂ ಅವರೇ. ಯಾವ ನಗರಪಾಲಿಕೆಯೂ ಅವರಿಗೆ ಆಜ್ಞೆ ಹೊರಡಿಸಿರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಬಾವಿಕಟ್ಟೆಯ ಬಳಿ ಚಪ್ಪಲಿ ಬಿಡುವ ನಾವು, ಇಲ್ಲಿ ಮುಚ್ಚಿದ ಬಾವಿಯ ಮೇಲೆ ಮೋಟಾರು ನಿಲ್ಲಿಸುತ್ತೇವೆ.

ಕೊನೆಗೆ ಸೊಸೈಟಿ ಒಪ್ಪಿತು. ಗುಂಡಿಯ ಕಸ ತೆಗೆಸಿ, ಹೊಸ ಜಲ್ಲಿ ಹಾಕಿಸಿ, ಪೈಪು ಸೇರಿಸಿದ್ದೇವೆ. ಖರ್ಚು ನಾವು ಹೆದರಿದಷ್ಟು ಆಗಲಿಲ್ಲ. ಮೊದಲ ಮಳೆಯ ದಿನ ಮಕ್ಕಳೆಲ್ಲ ಗುಂಡಿಯ ಸುತ್ತ ನಿಂತು ನೀರಿಳಿಯುವ ಸದ್ದು ಕೇಳಿದರು. ಮಳೆಗಾಲಕ್ಕೆ ಮುಂಚೆ ಓದುಗರೂ ತಮ್ಮ ತಮ್ಮ ಅಂಗಳದ ಮುಚ್ಚಳವನ್ನು ಒಮ್ಮೆ ಎತ್ತಿಸಿ ನೋಡಲಿ ಎಂಬುದಷ್ಟೇ ನಮ್ಮ ವಿನಂತಿ.