ಒಂದೇ ಡಬ್ಬಿಯ ಆಸೆ

"ರೀ, ಇರೋದು ಚೆನ್ನಾಗೇ ಕೆಲಸ ಮಾಡ್ತಿದೆ ಅಲ್ವಾ? ಮತ್ತೆ ಹೊಸದು ಯಾಕೆ?"

ಮೊನ್ನೆ ರಾತ್ರಿ ಐಕಾಮ್ ಐಸಿ-7300 ಸೆಟ್ಟಿನ ಚಿತ್ರ ನೋಡುತ್ತಾ ಕೂತಿದ್ದಾಗ ನನ್ನವಳು ಕೇಳಿದ್ದು ಇದು. ಅದು 2016ರಲ್ಲಿ ಬಂದ ಟ್ರಾನ್ಸೀವರ್. ಆಮೇಲೆ ಇನ್ನೂ ಎಷ್ಟೋ ಬಂದಿವೆ, ಆದರೆ ನನ್ನ ಕಣ್ಣು ಅದರ ಮೇಲೇ. ಬೆಲೆ ಮಾತ್ರ ಲಕ್ಷದ ಲೆಕ್ಕ. ಉತ್ತರ ಹೊಳೆಯದೆ "ಸುಮ್ನೆ ನೋಡ್ತಾ ಇದ್ದೆ ಕಣೇ" ಅಂದೆ. ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಈ ಆಸೆ ಎಲ್ಲಿಂದ ಬಂತು ಅಂತ ಯೋಚಿಸುತ್ತಾ ಹೋದರೆ ನಮ್ಮ ಹವ್ಯಾಸದ ಚರಿತ್ರೆಯೇ ಬಿಚ್ಚಿಕೊಂಡಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ತೆಗೆದುಕೊಂಡು, ಮನೆಯಿಂದಲೇ ರೇಡಿಯೋದಲ್ಲಿ ದೂರದವರ ಜೊತೆ ಮಾತಾಡುವವರನ್ನು ಹ್ಯಾಮ್ ಅನ್ನುತ್ತಾರೆ. ನಾನೂ ಅಂಥವನೊಬ್ಬ. ಮಾತು ಶುರುವಾದ ಕೂಡಲೇ ಹೆಸರು, ಊರು, ಸಿಗ್ನಲ್ ಎಷ್ಟು ಜೋರಾಗಿದೆ ಅಂತ ಹೇಳಬೇಕು. ಅದಾದ ಮೇಲೆ "ನನ್ನ ಸೆಟ್ಟು ಇಂಥದ್ದು" ಅಂತ ಹೇಳುವುದೂ ರೂಢಿ. ಅಲ್ಲೇ ಇರುವುದು ತೊಂದರೆ :-)

ನನಗೆ ಮೋರ್ಸ್ ಕಲಿಸಿದ್ದು ನಮ್ಮೂರ ತಂತಿ ಕಚೇರಿಯಲ್ಲಿದ್ದ ರಾಯರು. ಅವರ ಮೇಜಿನ ಮೇಲೆ ಇದ್ದದ್ದು ಎರಡು ಡಬ್ಬಿ. ಕೇಳುವುದಕ್ಕೆ ಒಂದು, ಕಳಿಸುವುದಕ್ಕೆ ಇನ್ನೊಂದು. ಕೇಳುವ ಡಬ್ಬಿ ಎರಡನೇ ಮಹಾಯುದ್ಧದ ಮಿಲಿಟರಿ ಗುಜರಿ. ಕಳಿಸುವುದು ಅವರೇ ಕಟ್ಟಿದ್ದು, ಕೊನೆಯಲ್ಲಿ ಒಂದು 807 ವಾಲ್ವು. ಇದು ರಾಯರೊಬ್ಬರ ಕಥೆಯಲ್ಲ. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಹ್ಯಾಮ್‌ಗಳ ಲೈಸೆನ್ಸ್ ರದ್ದು ಮಾಡಿ, ಕಳಿಸುವ ಯಂತ್ರಗಳನ್ನು ಒಪ್ಪಿಸಿ ಅಂದಿತ್ತು. ಯುದ್ಧ ಮುಗಿದ ಮೇಲೆ ಅದೇ ಯುದ್ಧದ ಸೆಟ್ಟುಗಳು ಗುಜರಿಗೆ ಬಂದವು. ಆಮೇಲೆ ಎಷ್ಟೋ ವರ್ಷ ನಮ್ಮ ದೇಶದ ಹ್ಯಾಮ್‌ಗಳು ಬದುಕಿದ್ದು ಅದರ ಮೇಲೆಯೇ.

ಎರಡು ಡಬ್ಬಿಯಲ್ಲಿ ಏನು ಕಷ್ಟ ಅಂತೀರಾ? ಎರಡನ್ನೂ ಪ್ರತಿಸಲ ಒಂದೇ ಕಂಪನಾಂಕಕ್ಕೆ ತಂದು ಕೂರಿಸಬೇಕು. ಹಳೆಯ ಎಎಂ ಪದ್ಧತಿಯಲ್ಲಿ ಸ್ವಲ್ಪ ಆಚೀಚೆ ಆದರೂ ನಡೆಯುತ್ತಿತ್ತು. ಎಸ್‌ಎಸ್‌ಬಿ ಬಂದ ಮೇಲೆ ಆ ಸಲಿಗೆ ಹೋಯಿತು. ನೂರಿನ್ನೂರು ಹರ್ಟ್ಸ್ ತಪ್ಪಿದರೆ ಮನುಷ್ಯನ ದನಿ ಬಾತುಕೋಳಿಯ ದನಿ ಆಗುತ್ತದೆ. ಅಮೆರಿಕದ ಕಾಲಿನ್ಸ್ ಕಂಪನಿ 1957ರಲ್ಲಿ ಕೆಡಬ್ಲ್ಯುಎಂ-1 ಅನ್ನುವ ಸೆಟ್ಟು ತಂದಿತು. ಕೇಳುವುದಕ್ಕೂ ಕಳಿಸುವುದಕ್ಕೂ ಅದರಲ್ಲಿ ಆಸಿಲೇಟರ್ ಒಂದೇ, ಫಿಲ್ಟರ್ ಒಂದೇ. ಒಂದು ಗುಂಡಿ ತಿರುಗಿಸಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಇದೇ ಟ್ರಾನ್ಸೀವರ್. 1970ರಲ್ಲಿ ಜಪಾನಿನ ಯೇಸು ಕಂಪನಿಯ ಎಫ್‌ಟಿ-101 ಬಂತು. ಅದರಲ್ಲಿ ವಾಲ್ವು ಮೂರೇ ಮೂರು, ಉಳಿದದ್ದೆಲ್ಲ ಟ್ರಾನ್ಸಿಸ್ಟರು. ಪ್ರಪಂಚದ ಹ್ಯಾಮ್‌ಗಳೆಲ್ಲ ಅದಕ್ಕೆ ಮರುಳಾದರು.

ರಾಯರೂ ಮರುಳಾದರು. ಯಾವುದೋ ವಿದೇಶಿ ಪತ್ರಿಕೆಯ ಜಾಹೀರಾತು ಕತ್ತರಿಸಿ ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದರು. ದೇವರ ಪಟದ ಪಕ್ಕದಲ್ಲೇ! ಆದರೆ ತರಿಸುವುದು ಹೇಗೆ? ಆಮದು ಸುಂಕ, ಪರವಾನಗಿ, ವಿದೇಶಿ ವಿನಿಮಯ... ಒಬ್ಬ ತಂತಿ ಗುಮಾಸ್ತರ ಕೈಗೆ ಎಟುಕುವ ಮಾತಲ್ಲ. ಆಚೆ ಬದಿಯ ಜಪಾನಿನವನು ಠೀವಿಯಿಂದ ತನ್ನ ಸೆಟ್ಟಿನ ಹೆಸರು ಹೇಳಿದರೆ, ಇವರು ಮೆಲ್ಲಗೆ "ಹೋಂಬ್ರೂ" ಅಂದರೆ ಮನೆಯಲ್ಲೇ ಕಟ್ಟಿದ್ದು ಅನ್ನುತ್ತಿದ್ದರು. ಬಡ ನೆಂಟ ಮದುವೆ ಮನೆಯಲ್ಲಿ ಉಡುಗೊರೆ ಕೊಟ್ಟ ಹಾಗಿರುತ್ತಿತ್ತು ಆ ದನಿ.

1984ರಲ್ಲಿ ರಾಜೀವ್ ಗಾಂಧಿ ವೈರ್‌ಲೆಸ್ ಉಪಕರಣಗಳ ಆಮದು ಸುಂಕ ಮನ್ನಾ ಮಾಡಿಸಿದರು. ಅವರೇ ಸ್ವತಃ ಹ್ಯಾಮ್, ಕಾಲ್‌ಸೈನ್ ವಿಯು2ಆರ್‌ಜಿ. ಕೈಯಲ್ಲಿ ಕಾಸಿದ್ದವರ ಮನೆಗೆ ಜಪಾನಿ ಸೆಟ್ಟು ಬಂದವು. ರಾಯರಿಗೆ ಆಗ ಇಬ್ಬರು ಹೆಣ್ಣುಮಕ್ಕಳ ಮದುವೆ ಇತ್ತು. ಬೀರುವಿನ ಚಿತ್ರ ಹಾಗೇ ಉಳಿಯಿತು.

ಈಗ ಕಥೆಯ ಇನ್ನೊಂದು ಮಗ್ಗುಲು. ಈ ಶತಮಾನದ ಮೊದಲ ವರ್ಷಗಳಲ್ಲಿ ಹೈದರಾಬಾದಿನ ಅಶ್‌ಹರ್ ಫರ್ಹಾನ್ (ವಿಯು2ಇಎಸ್‌ಇ) ಬಿಟೆಕ್ಸ್ ಅನ್ನುವ ಟ್ರಾನ್ಸೀವರಿನ ನಕ್ಷೆ ಮಾಡಿ ಎಲ್ಲರಿಗೂ ಹಂಚಿದರು. ಕೇಳುವಾಗ ಒಂದು ದಿಕ್ಕಿಗೆ, ಮಾತಾಡುವಾಗ ಇನ್ನೊಂದು ದಿಕ್ಕಿಗೆ ಕೆಲಸ ಮಾಡುವ ಆಂಪ್ಲಿಫೈಯರುಗಳು ಅದರ ಜೀವಾಳ. ಬೇಕಾದ ಬಿಡಿಭಾಗಗಳೆಲ್ಲ ನಮ್ಮ ಬೆಂಗಳೂರಿನ ಎಸ್.ಪಿ. ರೋಡಿನಂಥ ಬೀದಿಯಲ್ಲಿ ಸಿಗುವಂಥವು. ಕಾಯಿಲ್ ಸುತ್ತಲು ವಿದೇಶಿ ಟೊರಾಯ್ಡ್ ಸಿಗದಿದ್ದರೆ ನೀರಿನ ನಲ್ಲಿಯ ವಾಷರ್ ಸಾಕು ಅಂದರು ಪುಣ್ಯಾತ್ಮರು! ಶಕ್ತಿ ಐದಾರು ವಾಟ್. ನಮ್ಮ ದೇಶದವರಷ್ಟೇ ಅಲ್ಲ, ಎಫ್‌ಟಿ-101 ಸಲೀಸಾಗಿ ಸಿಗುತ್ತಿದ್ದ ದೇಶದವರೂ ಅದನ್ನು ಕಟ್ಟಿದರು. 2016ರಲ್ಲಿ 7 ಮೆಗಾಹರ್ಟ್ಸ್‌ನ ಬಿಟೆಕ್ಸ್40 ಜೋಡಿಸಿದ ಬೋರ್ಡಾಗಿ ಹೈದರಾಬಾದಿನಿಂದ ಹೊರಟಿತು. ಅದರ ಕಾಯಿಲ್ ಸುತ್ತಿದ್ದು ಅಲ್ಲಿನ ಹೆಣ್ಣುಮಕ್ಕಳ ಒಂದು ಗುಂಪು.

ಹಾಗಾದರೆ ಕೊಳ್ಳುವ ಆಸೆಯೇ ತಪ್ಪಾ? ಹಾಗೂ ಹೇಳಲಾರೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ (ವಿಯು2ಆರ್‌ಬಿಐ) ಮತ್ತು ಸಂಗಡಿಗರು ಒಳ್ಳೆಯ ಸೆಟ್ಟುಗಳನ್ನು ಹೊತ್ತು ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಉದ್ದೇಶ ಬರೀ ಹವ್ಯಾಸದ್ದೇ. ಬಹಳ ವರ್ಷಗಳ ನಂತರ ಅಂಡಮಾನಿನಿಂದ ಹ್ಯಾಮ್ ದನಿ ಕೇಳಿಸಬೇಕು, ಅಷ್ಟೆ. ಡಿಸೆಂಬರ್ 26ರ ಬೆಳಿಗ್ಗೆ ಭೂಕಂಪ, ಸುನಾಮಿ. ಫೋನುಗಳೆಲ್ಲ ಸತ್ತಾಗ ಬದುಕಿರುವವರ ಸುದ್ದಿಯನ್ನು ದ್ವೀಪದಾಚೆಗೆ ಮುಟ್ಟಿಸಿದ್ದು ಅದೇ ಸೆಟ್ಟುಗಳು. ಆ ಹೊತ್ತಿನಲ್ಲಿ ಸೋಲ್ಡರ್ ಹಿಡಿದು ಕೂರುವುದಕ್ಕಾಗುತ್ತದಾ?

ರಾಯರು ಹೋಗಿ ಕೆಲವು ವರ್ಷ ಆಯಿತು. "ಗುಜರಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ" ಅಂತ ಅವರ ಮಗಳು ಆ ಎರಡು ಡಬ್ಬಿಗಳನ್ನು ನನಗೆ ಕೊಟ್ಟರು. ಕಳಿಸುವ ಡಬ್ಬಿಯ ಮುಚ್ಚಳ ತೆಗೆದರೆ ಒಂದೊಂದು ತಂತಿಗೂ ಬಣ್ಣದ ನೂಲು ಸುತ್ತಿ ಗುರುತು ಮಾಡಿದ್ದಾರೆ. ಮುಂದೆ ಯಾರೋ ರಿಪೇರಿ ಮಾಡಬೇಕಾದೀತು ಅಂತ ಆಗಲೇ ಗೊತ್ತಿತ್ತೇನೋ. ಆಸೆಪಟ್ಟ ಎಫ್‌ಟಿ-101 ಅವರಿಗೆ ಸಿಕ್ಕಿದ್ದರೆ ಈ ಡಬ್ಬಿಯನ್ನು ಇಷ್ಟು ಪ್ರೀತಿಯಿಂದ ಇಟ್ಟುಕೊಳ್ಳುತ್ತಿದ್ದರಾ? ಗೊತ್ತಿಲ್ಲ. ಸಿಗಬೇಕಿತ್ತು ಅಂತ ಮಾತ್ರ ಈಗಲೂ ಅನ್ನಿಸುತ್ತದೆ.

ನನ್ನವಳಿಗೆ ಕೊನೆಗೆ ಹೇಳಿದೆ. ಹೊಸದಕ್ಕೆ ದುಡ್ಡು ಕೂಡಿಸುತ್ತೇನೆ, ಆದರೆ ರಾಯರ ಸೆಟ್ಟು ಮತ್ತೆ ಮಾತಾಡುವ ತನಕ ಕೊಳ್ಳುವುದಿಲ್ಲ. ಎರಡು ಕೆಪಾಸಿಟರ್ ಹೋಗಿವೆ. ಈ ಶನಿವಾರ ಎಸ್.ಪಿ. ರೋಡಿಗೆ ಹೊರಟಿದ್ದೇನೆ.

"ಅಂದ್ರೆ ಮನೆಯಲ್ಲಿ ಒಟ್ಟು ನಾಲ್ಕು ಡಬ್ಬಿ ಆಯ್ತಲ್ರೀ" ಅಂದಳು.

ಲೆಕ್ಕ ಸರಿಯಾಗಿಯೇ ಇದೆ :-) ನಿಮ್ಮ ಮನೆಯ ಬೀರುವಿನ ಬಾಗಿಲಲ್ಲಿ ಯಾವ ಚಿತ್ರ ಅಂಟಿಸಿದ್ದೀರಿ?